ಥಾಯ್ಲೆಂಡಿಗೆ ಹೊರಟಿದ್ದೀರಾ? ನಿಮ್ಮ ಬ್ಯಾಂಕಿನ ದುಡ್ಡನ್ನು ಅಲ್ಲಿ ಅಗ್ಗವಾಗಿ ತೆಗೆಯುವ ದಾರಿ

ದಾವಣಗೆರೆಯಲ್ಲಿ ಬ್ಯಾಂಕಾಕ್ ನೋಡಿ ಬಂದವರು ಈಗ ಬೀದಿಗೊಬ್ಬರು ಸಿಗುತ್ತಾರೆ. ಟಿಕೆಟ್ ಎಷ್ಟಾಯ್ತು, ಹೋಟೆಲ್ ಎಷ್ಟಾಯ್ತು ಅಂತ ಕೇಳಿದರೆ ಪಟಪಟ ಹೇಳುತ್ತಾರೆ. ದುಡ್ಡು ಬದಲಾಯಿಸೋಕೆ ಎಷ್ಟು ಹೋಯ್ತು ಅಂತ ಕೇಳಿ ನೋಡಿ, ಉತ್ತರ ಬರಲ್ಲ. ಆ ಖರ್ಚಿಗೆ ಯಾರೂ ಬಿಲ್ ಕೊಡುವುದಿಲ್ಲ. ಅದು ಸ್ಟೇಟ್‌ಮೆಂಟಿನ ಸಾಲುಗಳ ಮಧ್ಯೆ, ವಿನಿಮಯ ದರದ ಒಳಗೆ ಅಡಗಿ ಕೂತಿರುತ್ತದೆ.

ನಾವು ಗಂಡ ಹೆಂಡತಿ ಬ್ಯಾಂಕಾಕ್, ಕ್ರಾಬಿ ಸುತ್ತಿ ಬಂದೆವು. ಹೋಗುವ ಮೊದಲೇ ಈ ದುಡ್ಡಿನ ವಿಷಯವನ್ನು ಸ್ವಲ್ಪ ಓದಿಕೊಂಡಿದ್ದೆ. ಅಲ್ಲಿ ಕಂಡಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ತಲೆಯಲ್ಲಿ ಕೂರಬೇಕು. ಹೊರದೇಶದಲ್ಲಿ ನಿಮ್ಮ ದುಡ್ಡಿನ ಮೇಲೆ ಬೀಳುವ ಶುಲ್ಕ ಎರಡೇ ಬಗೆ. ನಮ್ಮ ಎಪಿಎಂಸಿಗೆ ಮೆಕ್ಕೆಜೋಳ ತಂದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಮಿಷನ್ ಶೇಕಡಾ ಲೆಕ್ಕ, ಹಮಾಲಿ ಚೀಲದ ಲೆಕ್ಕ. ಶೇಕಡಾ ಲೆಕ್ಕದ ಶುಲ್ಕವನ್ನು ತಪ್ಪಿಸಲು ಸರಿಯಾದ ಕಾರ್ಡ್ ಬೇಕು. ಸಲಕ್ಕೆ ಇಷ್ಟು ಎನ್ನುವ ಶುಲ್ಕವನ್ನು ಇಳಿಸಲು ಕಡಿಮೆ ಸಲ, ಜಾಸ್ತಿ ಮೊತ್ತ ತೆಗೆಯಬೇಕು. ಒಂದರ ಮದ್ದು ಇನ್ನೊಂದಕ್ಕೆ ನಡೆಯುವುದಿಲ್ಲ.

ಶೇಕಡಾ ಲೆಕ್ಕದ್ದು ಮೊದಲು. ನಮ್ಮ ಮಾಮೂಲಿ ಡೆಬಿಟ್, ಕ್ರೆಡಿಟ್ ಕಾರ್ಡುಗಳನ್ನು ಹೊರದೇಶದಲ್ಲಿ ಉಜ್ಜಿದರೆ ಬ್ಯಾಂಕ್ ಫಾರೆಕ್ಸ್ ಮಾರ್ಕಪ್, ಅಂದರೆ ವಿದೇಶಿ ಹಣದ ಲೆಕ್ಕಕ್ಕೆ ಹೆಚ್ಚುವರಿ ಶುಲ್ಕ, ಹಾಕುತ್ತದೆ. ಸಾಮಾನ್ಯವಾಗಿ 3.5 ಶೇಕಡಾ. ಅದರ ಮೇಲೆ 18 ಶೇಕಡಾ ಜಿಎಸ್‌ಟಿ. ಎರಡೂ ಸೇರಿ 4.13 ಶೇಕಡಾ ಆಯ್ತು. 50,000 ರೂಪಾಯಿ ಖರ್ಚು ಮಾಡಿದರೆ 2,065 ರೂಪಾಯಿ ಸುಮ್ನೆ ಹೋಗುತ್ತದೆ. ಕ್ರಾಬಿಯಲ್ಲಿ ದೋಣಿ ಸುತ್ತಾಟಕ್ಕೆ ಹಾಕಬಹುದಾದ ದುಡ್ಡು ಅದು.

ಇದಕ್ಕೆ ಮದ್ದು ಮಾರ್ಕಪ್ ಇಲ್ಲದ ಕಾರ್ಡ್. ನಿಯೋ, ಸ್ಕಾಪಿಯಾ ಇಂಥವು ಇದೇ ಮಾತಿನ ಮೇಲೆ ಹೆಸರು ಮಾಡಿದವು. ಕೆಲವು ಬ್ಯಾಂಕುಗಳೇ ಇಂಥ ಕಾರ್ಡ್ ಕೊಡುತ್ತವೆ. ಇದರಲ್ಲಿ ಡೆಬಿಟ್ ಕಾರ್ಡ್ ಯಾವುದು, ಕ್ರೆಡಿಟ್ ಕಾರ್ಡ್ ಯಾವುದು ಅಂತ ನೋಡಿಕೊಳ್ಳಿ. ಅಂಗಡಿ, ಹೋಟೆಲಿಗೆ ಕ್ರೆಡಿಟ್ ಕಾರ್ಡ್ ಚೆನ್ನಾಗಿ ನಡೆಯುತ್ತದೆ. ಎಟಿಎಂಗೆ ಮಾತ್ರ ಅದನ್ನು ಹಾಕಬೇಡಿ. ಬಹುತೇಕ ಕ್ರೆಡಿಟ್ ಕಾರ್ಡುಗಳಲ್ಲಿ ನಗದು ತೆಗೆದರೆ ಬೇರೆ ಶುಲ್ಕ ಬೀಳುತ್ತದೆ, ಬಡ್ಡಿಯೂ ಅದೇ ದಿನದಿಂದ ಓಡುತ್ತದೆ. ನಗದಿಗೆ ಡೆಬಿಟ್ ಕಾರ್ಡೇ ಸರಿ. ಷರತ್ತುಗಳು ಆಗಾಗ ಬದಲಾಗುತ್ತವೆ. ಹೊರಡುವ ವಾರ ಶುಲ್ಕದ ಪಟ್ಟಿಯನ್ನು ಇನ್ನೊಂದು ಸಲ ಓದಿ.

ಈ ಕಾರ್ಡಿಗೆ ಕನಿಷ್ಠ ಒಂದು ತಿಂಗಳು ಮೊದಲೇ ಅರ್ಜಿ ಹಾಕಿ. ವಿಡಿಯೋ ಕೆವೈಸಿಗೆ ಅಸಲಿ ಪ್ಯಾನ್ ಕಾರ್ಡ್ ಬೇಕು, ಬೆಳಕು ಬೇಕು, ನೆಟ್‌ವರ್ಕ್ ಬೇಕು. ಆಮೇಲೆ ಕಾರ್ಡ್ ಕೊರಿಯರ್‌ನಲ್ಲಿ ಬರಬೇಕು. ವಿಳಾಸದಲ್ಲಿ "ವಿದ್ಯಾರ್ಥಿ ಭವನ ಸರ್ಕಲ್ ಹತ್ತಿರ" ಅಂತ ಗುರುತೂ ಬರೆಯಿರಿ. ಇಲ್ಲದಿದ್ದರೆ ನಮ್ಮೂರಿನ ಎಂಸಿಸಿ ಬಡಾವಣೆಯ ಎ ಬ್ಲಾಕ್, ಬಿ ಬ್ಲಾಕ್ ಗೊಂದಲದಲ್ಲಿ ಕವರ್ ವಾಪಸ್ ಹೋಗಬಹುದು.

ನಮ್ಮೂರಲ್ಲಿ ಇನ್ನೊಂದು ವಿಷಯ ಇದೆ. ಸಹಕಾರಿ ಬ್ಯಾಂಕಿನಲ್ಲಿ ಖಾತೆ ಇಟ್ಟವರು ಇಲ್ಲಿ ಬಹಳ. ಅಂಥ ಹಲವು ಬ್ಯಾಂಕುಗಳ ರುಪೇ ಕಾರ್ಡ್ ದೇಶದೊಳಗೆ ಮಾತ್ರ ನಡೆಯುತ್ತದೆ. ಹೊರಗೆ ನಡೆಯುವ ರುಪೇ ಕಾರ್ಡ್ ಬೇರೆ. ಅದು ಡಿಸ್ಕವರ್, ಡೈನರ್ಸ್ ಕ್ಲಬ್ ಜಾಲದ ಮೇಲೆ ಓಡುತ್ತದೆ. ಕೌಂಟರಿನಲ್ಲಿ "ಇದು ಇಂಟರ್‌ನ್ಯಾಷನಲ್ಲಾ?" ಅಂತ ನೇರವಾಗಿ ಕೇಳಿ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಒಂದಾದರೂ ಜೊತೆಗಿರಲಿ.

ಕಾರ್ಡ್ ಕೈಗೆ ಬಂತು ಅಂದರೆ ಕೆಲಸ ಮುಗಿಯಲಿಲ್ಲ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದ ಪ್ರಕಾರ ಹೊಸ ಕಾರ್ಡಿನಲ್ಲಿ ವಿದೇಶಿ ಬಳಕೆ ಮುಚ್ಚಿಯೇ ಇರುತ್ತದೆ. ನೀವೇ ಆ್ಯಪ್‌ನಲ್ಲಿ ತೆರೆಯಬೇಕು. ಎಟಿಎಂಗೆ ಒಂದು ಗುಂಡಿ, ಅಂಗಡಿ ಯಂತ್ರಕ್ಕೆ ಒಂದು, ಆನ್‌ಲೈನ್‌ಗೆ ಒಂದು, ಟ್ಯಾಪ್ ಮಾಡೋಕೆ ಇನ್ನೊಂದು. ಪ್ರತಿಯೊಂದಕ್ಕೂ ದಿನದ ಮಿತಿ ಬೇರೆ. ಇದನ್ನೆಲ್ಲ ಮನೆಯಲ್ಲೇ ಕೂತು ಮಾಡಿ ಮುಗಿಸಿ. ಪಿನ್ ಸರಿ ಇದೆಯಾ ಅಂತ ಇಲ್ಲಿನ ಎಟಿಎಂನಲ್ಲಿ ಒಮ್ಮೆ ನೂರು ರೂಪಾಯಿ ತೆಗೆದು ನೋಡಿ.

ಮೊಬೈಲ್ ಸಿಮ್ ಅನ್ನು ಮರೆಯಬೇಡಿ. ಒಟಿಪಿ ಬರುವುದು ನಿಮ್ಮ ಭಾರತದ ನಂಬರಿಗೆ. ಬ್ಯಾಂಕಿನ ಆ್ಯಪ್ ಎಷ್ಟೋ ಸಲ ಸಿಮ್ ಫೋನಿನಲ್ಲೇ ಇದೆಯಾ ಅಂತ ನೋಡುತ್ತದೆ. ಥಾಯ್ ಸಿಮ್ ಹಾಕೋಕೆ ನಮ್ಮ ಸಿಮ್ ತೆಗೆದರೆ ಆ್ಯಪ್ ಹೊರಗೆ ಹಾಕಬಹುದು. ಆದ್ದರಿಂದ ನಮ್ಮ ಸಿಮ್ ಒಂದು ಸ್ಲಾಟ್‌ನಲ್ಲಿ ರೋಮಿಂಗ್ ಹಾಕಿಕೊಂಡು ಇರಲಿ. ಅಲ್ಲಿನ ಇಂಟರ್‌ನೆಟ್ಟಿಗೆ ಇ-ಸಿಮ್ ಅಥವಾ ಎರಡನೇ ಸ್ಲಾಟ್ ಬಳಸಿ.

ಈಗ ಥಾಯ್ಲೆಂಡಿನ ಎಟಿಎಂ. ಇಲ್ಲೇ ಜಾಸ್ತಿ ಜನ ದುಡ್ಡು ಕಳೆಯುವುದು. ಅಲ್ಲಿನ ಬ್ಯಾಂಕುಗಳು ಹೊರದೇಶದ ಕಾರ್ಡಿಗೆ ಪ್ರತಿ ಸಲ 220 ಬಾತ್ ಹಿಡಿದುಕೊಳ್ಳುತ್ತವೆ. ಕೆಲವು ಯಂತ್ರಗಳಲ್ಲಿ ಇನ್ನೂ ಜಾಸ್ತಿ. ಬಾತ್ ಎರಡೂವರೆಯಿಂದ ಮೂರು ರೂಪಾಯಿಯ ನಡುವೆ ಆಡುತ್ತಿರುತ್ತದೆ. ಅಂದರೆ ಒಂದು ಸಲಕ್ಕೆ 550ರಿಂದ 660 ರೂಪಾಯಿ. ನಿಮ್ಮ ಕಾರ್ಡಿಗೆ ಮಾರ್ಕಪ್ ಸೊನ್ನೆ ಇದ್ದರೂ ಇದು ತಪ್ಪುವುದಿಲ್ಲ, ಏಕೆಂದರೆ ಇದು ಆ ಯಂತ್ರದ ಬ್ಯಾಂಕಿನ ಪಾಲು. ಮಾಮೂಲಿ ಡೆಬಿಟ್ ಕಾರ್ಡ್ ಆದರೆ ನಮ್ಮ ಬ್ಯಾಂಕೂ ಸಲಕ್ಕೆ ನೂರು, ನೂರೈವತ್ತು ರೂಪಾಯಿ ಬೇರೆ ಹಾಕುತ್ತದೆ. ಬ್ಯಾಲೆನ್ಸ್ ನೋಡಿದ್ದಕ್ಕೂ ಶುಲ್ಕ ಹಾಕುವ ಬ್ಯಾಂಕುಗಳಿವೆ. ಬ್ಯಾಲೆನ್ಸ್ ಆ್ಯಪ್‌ನಲ್ಲಿ ನೋಡಿಕೊಳ್ಳಿ ಮಾರಾಯ್ರೇ.

ಲೆಕ್ಕ ನೋಡಿ. 2,000 ಬಾತ್ ತೆಗೆದರೆ 220 ಅಂದರೆ 11 ಶೇಕಡಾ. 20,000 ಬಾತ್ ತೆಗೆದರೆ ಅದೇ 220 ಕೇವಲ 1.1 ಶೇಕಡಾ. ಊರಲ್ಲಿ ನಮಗೆ ಐನೂರು, ಸಾವಿರ ತೆಗೆಯುವ ಅಭ್ಯಾಸ. ಆ ಅಭ್ಯಾಸವನ್ನು ಇಲ್ಲೇ ಬಿಟ್ಟು ಹೋಗಿ. ಅಷ್ಟೊಂದು ನೋಟು ಇಟ್ಟುಕೊಳ್ಳೋಕೆ ಭಯ ಅನ್ನಿಸಿದರೆ ಹೋಟೆಲ್ ರೂಮಿನ ಲಾಕರ್ ಬಳಸಿ. ಇಬ್ಬರ ಹತ್ತಿರ ಹಂಚಿಕೊಳ್ಳಿ. ಯಂತ್ರಕ್ಕೆ ಯಂತ್ರಕ್ಕೆ ಮಿತಿ ಬೇರೆ. ನಿಮ್ಮ ಕಾರ್ಡಿನ ದಿನದ ಮಿತಿಯೂ ಅಡ್ಡ ಬರಬಹುದು, ಅದನ್ನು ಆ್ಯಪ್‌ನಲ್ಲಿ ಏರಿಸಿಟ್ಟುಕೊಳ್ಳಿ. ಬ್ಯಾಂಕ್ ಶಾಖೆಗೆ ಅಂಟಿಕೊಂಡ ಎಟಿಎಂ ಆರಿಸಿ, ಅದೂ ಶಾಖೆ ತೆರೆದಿರುವ ಹೊತ್ತಿನಲ್ಲಿ. ಕಾರ್ಡ್ ಒಳಗೆ ಸಿಕ್ಕಿಕೊಂಡರೆ ಕೇಳೋಕೆ ಒಬ್ಬ ಮನುಷ್ಯ ಇರುತ್ತಾನೆ.

ದುಡ್ಡು ಬರುವ ಮುಂಚೆ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ. "ನಿಮ್ಮ ಖಾತೆಯಿಂದ ಇಷ್ಟು ರೂಪಾಯಿ ಕಡಿತವಾಗುತ್ತದೆ, ಒಪ್ಪಿಗೆಯೇ?" ಅಂತ ಇಂಗ್ಲಿಷಿನಲ್ಲಿ. ರೂಪಾಯಿ ನೋಡಿದ ಕೂಡಲೇ ನಮಗೆ ಸಮಾಧಾನ ಆಗುತ್ತದೆ. ಆ ಸಮಾಧಾನಕ್ಕೇ ಅವರು ಬೆಲೆ ಕಟ್ಟಿರುವುದು. ಇದನ್ನು ಡೈನಮಿಕ್ ಕರೆನ್ಸಿ ಕನ್ವರ್ಶನ್ ಅಂತಾರೆ. ಆ ದರ ವೀಸಾ, ಮಾಸ್ಟರ್‌ಕಾರ್ಡ್ ದರಕ್ಕಿಂತ ಹಲವು ಶೇಕಡಾ ಕೆಟ್ಟದಾಗಿರಬಹುದು. "ಡಿಕ್ಲೈನ್ ಕನ್ವರ್ಶನ್" ಅಥವಾ "ವಿದೌಟ್ ಕನ್ವರ್ಶನ್" ಒತ್ತಿ. ಡಿಕ್ಲೈನ್ ಅಂದರೆ ದುಡ್ಡೇ ಬರಲ್ಲವೇನೋ ಅಂತ ಹೆದರಬೇಡಿ. ದುಡ್ಡು ಬರುತ್ತದೆ, ಲೆಕ್ಕ ಮಾತ್ರ ಬಾತ್‌ನಲ್ಲಿ ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ಮಾರ್ಕಪ್ ಇಲ್ಲದ ಕಾರ್ಡ್ ಹಿಡಿದುಕೊಂಡು ಇಲ್ಲಿ ಒಪ್ಪಿಗೆ ಕೊಟ್ಟರೆ ಆ ಕಾರ್ಡ್ ಮಾಡಿಸಿದ್ದೇ ವ್ಯರ್ಥ.

ಅಂಗಡಿಗಳಲ್ಲೂ ಇದೇ ಆಟ. ಕ್ರಾಬಿಯ ಒಂದು ಹೋಟೆಲಿನಲ್ಲಿ ರಿಸೆಪ್ಷನ್‌ನವರು ನಮ್ಮನ್ನು ಕೇಳದೇ ರೂಪಾಯಿ ಒತ್ತಿಬಿಟ್ಟರು. ಸ್ಲಿಪ್‌ನಲ್ಲಿ ಐಎನ್‌ಆರ್ ಅಂತ ಕಂಡಿತು. ನನ್ನ ಹೆಂಡತಿ ಅಲ್ಲೇ ನಿಂತು ರದ್ದು ಮಾಡಿಸಿ, ಬಾತ್‌ನಲ್ಲಿ ಮತ್ತೆ ಹಾಕಿಸಿದಳು. ಸಹಿ ಮಾಡುವ ಮೊದಲು ಸ್ಲಿಪ್‌ನಲ್ಲಿ ಯಾವ ಕರೆನ್ಸಿ ಇದೆ ನೋಡಿ. ನಾಚಿಕೆ ಪಡುವ ಕೆಲಸ ಅಲ್ಲ ಅದು.

ಕಾರ್ಡ್ ಎಲ್ಲ ಕಡೆ ನಡೆಯುತ್ತದಾ? ಇಲ್ಲ. ಮಾಲ್, ದೊಡ್ಡ ಹೋಟೆಲ್, ಬ್ಯಾಂಕಾಕಿನ ಎಂಆರ್‌ಟಿ ಮೆಟ್ರೋ ಗೇಟು, ಇಲ್ಲೆಲ್ಲ ಟ್ಯಾಪ್ ಮಾಡಿದರೆ ಸಾಕು. ರಾತ್ರಿ ಸಂತೆ, ಬೀದಿ ಊಟ, ಟುಕ್‌ಟುಕ್, ದೋಣಿ, ಇವಕ್ಕೆ ನೋಟೇ ಬೇಕು. ಅಲ್ಲಿನ ಗಾಡಿಗಳ ಮೇಲೂ ನಮ್ಮ ಮಂಡಕ್ಕಿ ಮಿರ್ಚಿ ಅಂಗಡಿಗಳ ಹಾಗೆ ಕ್ಯೂಆರ್ ಅಂಟಿಸಿರುತ್ತಾರೆ. ಆದರೆ ಅದು ಅವರ ಪ್ರಾಂಪ್ಟ್‌ಪೇ. ನಮ್ಮ ಯುಪಿಐ ನಂಬಿಕೊಂಡು ತಿನ್ನೋಕೆ ಕೂರಬೇಡಿ. ಚಿಕ್ಕ ಅಂಗಡಿಗಳಲ್ಲಿ ಕಾರ್ಡಿಗೆ 3 ಶೇಕಡಾ ಜಾಸ್ತಿ ಕೇಳುವುದೂ ಉಂಟು. ಹಾಗೆ ಕೇಳಿದರೆ ನೋಟು ಕೊಡುವುದೇ ಲಾಭ.

ಯುಪಿಐ ವಿಷಯ ಬಂತು ಅಂತ ಹೇಳುತ್ತೇನೆ. ಭೂತಾನ್‌ನಲ್ಲಿ 2021ರಿಂದ ಇದೆ. ಶ್ರೀಲಂಕಾ, ಮಾರಿಷಸ್‌ನಲ್ಲಿ 2024ರ ಫೆಬ್ರವರಿಯಿಂದ ಶುರುವಾಯಿತು. ನೇಪಾಳ, ಸಿಂಗಾಪುರ, ಯುಎಇಗಳಲ್ಲೂ ಹಲವು ಅಂಗಡಿಗಳಲ್ಲಿ ನಡೆಯುತ್ತದೆ. ಅದಕ್ಕೂ ಆ್ಯಪ್‌ನಲ್ಲಿ ಯುಪಿಐ ಇಂಟರ್‌ನ್ಯಾಷನಲ್ ಅನ್ನು ಮೊದಲೇ ತೆರೆದಿರಬೇಕು.

ಇಳಿದ ಕೂಡಲೇ ಕೈಗೆ ಸ್ವಲ್ಪ ನಗದು ಬೇಕಲ್ವಾ? ಊರಲ್ಲೇ ಬಾತ್ ಕೊಳ್ಳೋಣ ಅಂತ ಒಂದು ಬ್ಯಾಂಕ್ ಶಾಖೆಗೆ ಹೋಗಿದ್ದೆ. "ಬೆಂಗಳೂರಿಂದ ತರಿಸಬೇಕು, ಮುಂದಿನ ವಾರ ಬನ್ನಿ" ಅಂದರು. ದಾವಣಗೆರೆಯ ಎಲ್ಲ ಶಾಖೆಗಳಲ್ಲೂ ವಿದೇಶಿ ನೋಟು ಸಿಗುವುದಿಲ್ಲ. ಹಾಗಂತ ಬೆಂಗಳೂರಿನ ವಿಮಾನ ನಿಲ್ದಾಣದ ಒಳಗೆ ತಗೊಳ್ಳೋಣ ಅಂತ ಬಿಡಬೇಡಿ, ಅಲ್ಲಿ ದರ ಸಾಮಾನ್ಯವಾಗಿ ತೀರಾ ದುಬಾರಿ. ನಾವು ಬೆಂಗಳೂರಿನ ಪೇಟೆಯಲ್ಲೇ 100 ಡಾಲರಿನ ಕೆಲವು ನೋಟು ಕೊಂಡೆವು. ವಂದೇ ಭಾರತ್‌ನಲ್ಲಿ ಬೆಳಿಗ್ಗೆ ಹೋಗುವವರಿಗೆ ಇದಕ್ಕೆ ಬಿಡುವು ಇರುತ್ತದೆ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಪ್ರತಿ ಬೇಕು. 50,000 ರೂಪಾಯಿ ದಾಟಿದರೆ ನಗದು ತಗೊಳ್ಳುವುದಿಲ್ಲ, ಬ್ಯಾಂಕಿನಿಂದ ಕಟ್ಟಬೇಕು. ಜಿಎಸ್‌ಟಿ ಸಣ್ಣದು, 25,000 ರೂಪಾಯಿವರೆಗಿನ ವಿನಿಮಯಕ್ಕೆ 45 ರೂಪಾಯಿ. ಅಂಗಡಿಯವರು "ಕಮಿಷನ್ ಇಲ್ಲ" ಅಂದರೆ ಖುಷಿಪಡಬೇಡಿ, ಅವರ ಲಾಭ ದರದೊಳಗೇ ಇದೆ. ಅವರ ದರವನ್ನು ಫೋನಿನಲ್ಲಿ ಕಾಣುವ ಆ ದಿನದ ದರದ ಪಕ್ಕ ಇಟ್ಟು ನೋಡಿ. ಒಂದು ಶೇಕಡಾ ವ್ಯತ್ಯಾಸ ಸರಿ, ನಾಲ್ಕೈದು ಇದ್ದರೆ ಎದ್ದು ಬನ್ನಿ.

ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಇಳಿದು ಲಗೇಜ್ ತಗೊಂಡ ಕೂಡಲೇ ವಿನಿಮಯ ಕೌಂಟರುಗಳು ಸಾಲಾಗಿ ಕಾಣುತ್ತವೆ. ಅವನ್ನು ದಾಟಿ ಕೆಳಗಿನ ಬಿ ಮಹಡಿಗೆ ಇಳಿಯಿರಿ. ನಗರಕ್ಕೆ ಹೋಗುವ ರೈಲಿನ ಹತ್ತಿರ ಸೂಪರ್‌ರಿಚ್ ಮುಂತಾದ ಖಾಸಗಿ ಕೌಂಟರುಗಳಿವೆ. ಒಂದೇ ಕಟ್ಟಡ, ಆದರೂ ದರ ಎದ್ದು ಕಾಣುವಷ್ಟು ಮೇಲು. 100 ಡಾಲರಿನ ನೋಟಿಗೆ ಸಣ್ಣ ನೋಟಿಗಿಂತ ಒಳ್ಳೆ ದರ. ನೋಟು ಹರಿದಿರಬಾರದು, ಗೀಚಿರಬಾರದು. ರೂಪಾಯಿಗೆ ಅಲ್ಲಿ ಒಳ್ಳೆ ದರ ನಿರೀಕ್ಷಿಸಬೇಡಿ. ವಾಪಸ್ ಬಂದಾಗ ಟ್ಯಾಕ್ಸಿಗೆ ಬೇಕಾದಷ್ಟು ರೂಪಾಯಿ ಇಟ್ಟುಕೊಂಡರೆ ಸಾಕು. ಹೊರಗೆ ಒಯ್ಯಲು ಮಿತಿ 25,000 ರೂಪಾಯಿ. ವಿದೇಶಿ ನೋಟಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್ ಮಿತಿ.

ಮೊದಲೇ ವಿದೇಶಿ ಹಣ ತುಂಬಿಸಿಟ್ಟುಕೊಳ್ಳುವ ಫಾರೆಕ್ಸ್ ಕಾರ್ಡ್ ಬೇಡವೇ ಅಂತ ಬಹಳ ಜನ ಕೇಳುತ್ತಾರೆ. ಕೆಟ್ಟದ್ದಲ್ಲ. ದರ ಮೊದಲೇ ಗಟ್ಟಿಯಾಗುತ್ತದೆ, ಖಾತೆಗೆ ಕೊಂಡಿ ಇಲ್ಲ, ವಯಸ್ಸಾದವರಿಗೆ ಧೈರ್ಯ. ಆದರೆ ತುಂಬಿಸುವಾಗಿನ ದರದಲ್ಲೇ ಒಂದಿಷ್ಟು ಹೋಗಿರುತ್ತದೆ. ಡಾಲರ್ ತುಂಬಿಸಿ ಬಾತ್‌ನಲ್ಲಿ ಖರ್ಚು ಮಾಡಿದರೆ ಮತ್ತೆ ಮಾರ್ಕಪ್. ಎಟಿಎಂನಲ್ಲಿ ತೆಗೆದರೆ ಸಲದ ಶುಲ್ಕ. ಉಳಿದದ್ದನ್ನು ರೂಪಾಯಿ ಮಾಡುವಾಗ ಇನ್ನೊಂದು ಕಡಿತ. ನನಗೆ ಬೇರೆ ಖಾತೆಯ ಡೆಬಿಟ್ ಕಾರ್ಡೇ ಮೇಲು ಅನ್ನಿಸಿತು. ಪ್ರವಾಸಕ್ಕೇ ಅಂತ ಒಂದು ಖಾತೆ, ಅದರಲ್ಲಿ ಎರಡು ಮೂರು ದಿನಕ್ಕೆ ಸಾಕಾಗುವಷ್ಟು ದುಡ್ಡು. ಖಾಲಿಯಾದರೆ ಮುಖ್ಯ ಖಾತೆಯಿಂದ ಆ್ಯಪ್‌ನಲ್ಲೇ ಹಾಕಿಕೊಳ್ಳುವುದು. ನಮ್ಮ ಫೋನ್ ಕೈ ಕೊಟ್ಟರೆ ಊರಿಂದ ಮಗನೋ ತಮ್ಮನೋ ಒಂದು ನಿಮಿಷದಲ್ಲಿ ಹಾಕಬಹುದು. ಕಾರ್ಡ್ ಕಳ್ಳನ ಪಾಲಾದರೂ ಹೋಗುವುದು ಅಷ್ಟೇ. ಆ ಕೂಡಲೇ ಆ್ಯಪ್‌ನಲ್ಲಿ ಬ್ಲಾಕ್ ಮಾಡಿ, ಬ್ಯಾಂಕಿಗೆ ತಿಳಿಸಿ. ಹೊರಗಿನವರ ವಂಚನೆಯಾಗಿದ್ದು, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ನಷ್ಟ ಬೀಳಬಾರದು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ.

ಹೋಟೆಲಿನ ಮುಂಗಡ ಠೇವಣಿಗೆ ಮಾತ್ರ ಡೆಬಿಟ್ ಕಾರ್ಡ್ ಕೊಡಬೇಡಿ. ಅವರು ಹಿಡಿದಿಟ್ಟ ದುಡ್ಡು ಬಿಡುಗಡೆಯಾಗೋಕೆ ವಾರಗಟ್ಟಲೆ ಹಿಡಿಯಬಹುದು. ಅದಕ್ಕೆ ಕ್ರೆಡಿಟ್ ಕಾರ್ಡ್ ಅಥವಾ ನಗದು.

ಟಿಸಿಎಸ್, ಅಂದರೆ ವಿದೇಶಿ ಖರ್ಚಿನ ಮೇಲೆ ಮೊದಲೇ ವಸೂಲು ಮಾಡುವ ಆದಾಯ ತೆರಿಗೆ, ಅದರ ಬಗ್ಗೆ ಗಾಬರಿ ಬೇಡ. ಪ್ಯಾಕೇಜ್ ಟೂರ್‌ನ ಲೆಕ್ಕ ಬೇರೆ. ಸ್ವಂತವಾಗಿ ಹೋಗುವವರಿಗೆ 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೇಲಷ್ಟೇ ಅದು. ಕಟ್ಟಿದರೂ ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು.

ಮಕ್ಕಳನ್ನು ನೋಡೋಕೆ ಯುರೋಪಿಗೆ ಹೋಗುವ ಅಪ್ಪ ಅಮ್ಮಂದಿರು ನಮ್ಮೂರಲ್ಲಿ ಬಹಳ ಇದ್ದಾರೆ. ಅವರಿಗೂ ಇದೇ ಲೆಕ್ಕ. ಪ್ರವಾಸಿಗರ ಬೀದಿಯಲ್ಲಿ ಒಂಟಿಯಾಗಿ ನಿಂತ ಎಟಿಎಂ ಬಿಟ್ಟು, ಬ್ಯಾಂಕಿನ ಗೋಡೆಯೊಳಗಿನ ಯಂತ್ರ ಹುಡುಕಿ. ಕನ್ವರ್ಶನ್ ಕೇಳಿದರೆ ಬೇಡ ಅನ್ನಿ.

ಬಾತ್ ಉಳಿದರೆ ಕೊನೆಯ ದಿನದ ಹೋಟೆಲ್ ಬಿಲ್ಲಿಗೆ ನೋಟು ಕೊಟ್ಟು, ಮಿಕ್ಕಿದ್ದಕ್ಕೆ ಕಾರ್ಡ್ ಕೊಡಿ. ನಾಣ್ಯಗಳನ್ನು ಇಲ್ಲಿ ಯಾರೂ ತಗೊಳ್ಳುವುದಿಲ್ಲ, ಅಲ್ಲೇ ನೀರು, ಬಿಸ್ಕತ್ತಿಗೆ ಖಾಲಿ ಮಾಡಿ. 2,000 ಡಾಲರ್ ಬೆಲೆಯವರೆಗಿನ ವಿದೇಶಿ ನೋಟನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಬಂದ 180 ದಿನದೊಳಗೆ ಬದಲಾಯಿಸಬೇಕು.