ಐಡಿಯಾ ಯಾವ ದಿನ ಹೊಳೀತು?

"ಈ ಐಡಿಯಾ ನಿಮಗೆ ಹೇಗೆ ಹೊಳೀತು?" ವೇದಿಕೆ ಮೇಲೆ ಕೇಳಿದ್ದಾರೆ, ರೈಲಿನಲ್ಲಿ ಕೇಳಿದ್ದಾರೆ, ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಕೇಳಿದ್ದಾರೆ. ನಾನು ನಡೆಸುವುದು ಕಾರ್ಖಾನೆಗಳ ಬಿಡಿಭಾಗಗಳ ಲೆಕ್ಕ ಇಡುವ ಸಾಫ್ಟ್‌ವೇರ್ ಕಂಪನಿ. ಹನ್ನೊಂದು ವರ್ಷವಾಯಿತು. ಇಷ್ಟು ದಿನ ನಯವಾಗಿ ಉತ್ತರ ಕೊಟ್ಟಿದ್ದೇನೆ. ಇನ್ನು ನನ್ನಿಂದಾಗದು. ಒಮ್ಮೆ ಬರೆದಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ: ಹೊಳೆಯಲಿಲ್ಲ.

ನನ್ನ ಸಿಟ್ಟೆಲ್ಲ ಆ ಕ್ರಿಯಾಪದದ ಮೇಲೆ. ಕತ್ತಲಲ್ಲಿ ಕೂತವನ ತಲೆಯೊಳಗೆ ಏನೋ ಬೆಳಗಿತು, ಅವನು ಎದ್ದು ಹೋಗಿ ಕಂಪನಿ ಕಟ್ಟಿದ ಎನ್ನುವ ಇಡೀ ಕಥೆ ಆ ಒಂದು ಪದದಲ್ಲೇ ಅಡಗಿದೆ. ಹಾಗಾಗಿ ಹೊಳೆಯಲಿ ಅಂತ ಕಾಯುತ್ತಾ ಕೂತವರನ್ನು ಬಹಳ ಕಂಡಿದ್ದೇನೆ. ಕೆಲಸ ಬಲ್ಲವರು, ಕೈ ಓಡುವವರು. ನಾಲ್ಕು ವರ್ಷವಾದರೂ "ಸರಿಯಾದ ಐಡಿಯಾ ಸಿಕ್ಕಿಲ್ಲ" ಎನ್ನುತ್ತಾರೆ. ಅವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಎರಡು ವರ್ಷದ ಹಿಂದಿನ ಒಂದು ಸಂಜೆ ಹೇಳಬೇಕು. ಹೊಸ ಉದ್ಯಮಿಗಳಿಗಾಗಿ ನಡೆದ ಕಾರ್ಯಕ್ರಮ. ನಿರೂಪಕರು ಮೈಕು ನನ್ನ ಕೈಗೆ ಕೊಟ್ಟು, "ಐಡಿಯಾ ಹೊಳೆದ ಆ ಕ್ಷಣವನ್ನು ಒಂದೇ ವಾಕ್ಯದಲ್ಲಿ ಹೇಳಿ" ಅಂದರು. ಒಂದೇ ವಾಕ್ಯದಲ್ಲಿ! ನಾನೂ ಹೇಳಿಬಿಟ್ಟೆ: "ಒಂದು ಕಾರ್ಖಾನೆಯಲ್ಲಿ ಯಂತ್ರ ನಿಂತುಹೋಗಿದ್ದನ್ನು ನೋಡಿದೆ, ಅಲ್ಲೇ ಹೊಳೀತು." ಚಪ್ಪಾಳೆ ಬಿತ್ತು. ಮೂರನೇ ಸಾಲಿನಲ್ಲಿ ಕೂತಿದ್ದ ನನ್ನ ಅಕ್ಕನೂ ತಟ್ಟಿದಳು. ಮನೆಗೆ ಹೊರಟಾಗ ಕಾರಿನಲ್ಲಿ ಸುಮಾರು ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಅಲ್ಲೇ ಹೊಳೀತು ಅಂದೆಯಲ್ಲ, ಯಾವ ದಿನ ಅದು? ನನಗೆ ನೆನಪೇ ಇಲ್ಲ."

ಅವಳು ಕೊಂಕು ತೆಗೆದಿರಲಿಲ್ಲ. ನಿಜವಾಗಿಯೂ ಆ ದಿನವನ್ನು ಹುಡುಕುತ್ತಿದ್ದಳು. ಕಂಪನಿಯ ಮೊದಲ ಹತ್ತೊಂಬತ್ತು ತಿಂಗಳು ಮನೆ ನಡೆದದ್ದು ಅವಳೊಬ್ಬಳ ಸಂಬಳದಲ್ಲಿ. ಅಂಥ ಒಂದು ದಿನ ಇದ್ದಿದ್ದರೆ ಅವಳಿಗೆ ಗೊತ್ತಾಗದೆ ಇರುತ್ತಿರಲಿಲ್ಲ.

ಇನ್ನು ನಡೆದದ್ದನ್ನು ಹೇಳುತ್ತೇನೆ. ನಾವು ಶುರು ಮಾಡಿದ್ದು ಯಂತ್ರ ಯಾವಾಗ ಕೆಡುತ್ತದೆ ಎಂದು ಮುಂಚೆಯೇ ಹೇಳುವ ಸಾಫ್ಟ್‌ವೇರ್. ಸೆನ್ಸರ್, ಗ್ರಾಫ್, ಎಚ್ಚರಿಕೆ ಗಂಟೆ ಎಲ್ಲ ಇತ್ತು. ನೋಡಿದವರೆಲ್ಲ ಹೊಗಳಿದರು. ದುಡ್ಡು ಕೊಟ್ಟು ಕೊಂಡವರು ಮಾತ್ರ ಇಲ್ಲ. ಹೊಗಳಿಕೆಗೆ ಖರ್ಚಿಲ್ಲವಲ್ಲ, ಅದನ್ನು ಬೇಡಿಕೆ ಎಂದು ಓದಿಕೊಂಡದ್ದು ನಮ್ಮ ಮೊದಲ ದೊಡ್ಡ ತಪ್ಪು. ಹದಿಮೂರನೇ ತಿಂಗಳಿಗೆ ಕೈಯಲ್ಲಿದ್ದದ್ದು ಬಹುತೇಕ ಮುಗಿದಿತ್ತು. ಇಬ್ಬರನ್ನು ಕೆಲಸದಿಂದ ಬಿಡಿಸಿದೆವು.

ಇದನ್ನು ಹೇಳಿದರೆ ಸಾಕು, ಎದುರಿಗಿದ್ದವರು ತಕ್ಷಣ ಶುರು ಮಾಡುತ್ತಾರೆ: "ಸೋಲೇ ಗೆಲುವಿನ ಮೆಟ್ಟಿಲು." ದಯವಿಟ್ಟು ನನ್ನ ಮುಂದೆ ಆ ಮಾತು ಬೇಡ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ದಾಖಲೆ ನೋಡಿ: ಅಲ್ಲಿ ಹೊಸದಾಗಿ ತೆರೆದ ಉದ್ಯಮಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು 5 ವರ್ಷದೊಳಗೆ ಮುಚ್ಚುತ್ತವೆ. ಅವರೆಲ್ಲ ಆ ಮೆಟ್ಟಿಲು ಹತ್ತಿ ಎಲ್ಲಿಗೆ ಹೋದರು? ಸೋಲು ಯಾರನ್ನೂ ತಾನಾಗಿ ಮೇಲೆತ್ತುವುದಿಲ್ಲ. ಸೋತಮೇಲೆ ಇನ್ನೊಮ್ಮೆ ಪ್ರಯತ್ನಿಸುವಷ್ಟು ಕಾಲ ಉಳಿದಿದ್ದರೆ ಮಾತ್ರ ಅದು ಪಾಠವಾಗುತ್ತದೆ. ಆ ಕಾಲವನ್ನು ಯಾರೋ ಒಬ್ಬರು ದುಡ್ಡು ಕೊಟ್ಟು ಕೊಂಡಿರುತ್ತಾರೆ.

ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: ನೀವು ತಪ್ಪು ಮಾಡುತ್ತಿದ್ದಷ್ಟು ಕಾಲ ಖರ್ಚು ಕೊಟ್ಟವರು ಯಾರು? ಹನ್ನೊಂದು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

ಎಲ್ಲರ ಬಾಯಲ್ಲಿರುವ ಕಥೆಗಳನ್ನೇ ಈ ಪ್ರಶ್ನೆ ಇಟ್ಟುಕೊಂಡು ಓದಿ ನೋಡಿ, ಬೇರೆಯೇ ಕಾಣುತ್ತವೆ. ಜೇಮ್ಸ್ ಡೈಸನ್ ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್‌ಗಾಗಿ 5,127 ಮಾದರಿ ಮಾಡಿದರು, 5,126 ಕೈಕೊಟ್ಟವು ಎನ್ನುವುದನ್ನು ಯಾವ ಪ್ರೇರಣಾ ಭಾಷಣವೂ ಬಿಡುವುದಿಲ್ಲ. ಆ ಐದು ವರ್ಷ ಅವರ ಹೆಂಡತಿ ಡೀರ್ಡ್ರಿ ಚಿತ್ರಕಲೆ ಪಾಠ ಹೇಳಿ ತಂದ ಸಂಬಳ ಮನೆಯನ್ನು ಹೊತ್ತಿತ್ತು, ಜೊತೆಗೆ ತಲೆಯ ಮೇಲೆ ಸಾಲವಿತ್ತು ಎನ್ನುವುದನ್ನು ಎಷ್ಟು ಜನ ಹೇಳುತ್ತಾರೆ? ಅವರ ಸ್ವಂತ ಹೆಸರಿನ ಡಿಸಿ01 ಯಂತ್ರ ಬ್ರಿಟನ್ನಿನ ಮಾರುಕಟ್ಟೆಗೆ ಬಂದದ್ದು 1993ರಲ್ಲಿ. 5,127 ಎನ್ನುವುದು ಹಟದ ಲೆಕ್ಕ ಹೌದು. ಅದು ಇನ್ನೊಬ್ಬರು ತಿಂಗಳು ತಿಂಗಳೂ ದುಡಿದು ತಂದದ್ದರ ಲೆಕ್ಕವೂ ಹೌದು.

ಮನೆಯ ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿಯದ್ದೂ ಹಾಗೇ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿನ್ಯಾಸಕಾರರ ಸಮ್ಮೇಳನ, ಹೋಟೆಲುಗಳೆಲ್ಲ ಭರ್ತಿ, ಬಾಡಿಗೆ ಕಟ್ಟಲಾಗದ ಇಬ್ಬರು ಗೆಳೆಯರು ಗಾಳಿ ಹಾಸಿಗೆ ಹಾಸಿ ಮೂವರು ಅತಿಥಿಗಳನ್ನು ಇರಿಸಿಕೊಂಡರು. "ಹೊಳೆದ ಕ್ಷಣ" ಬೇಕೆನ್ನುವವರಿಗೆ ಕಥೆ ಅಲ್ಲಿಗೇ ಮುಗಿಯಿತು. ನನಗೆ ಮುಖ್ಯವಾದದ್ದು 2008. ವೆಬ್‌ಸೈಟಿಗೆ ಜನ ಬರುತ್ತಿಲ್ಲ, ಕ್ರೆಡಿಟ್ ಕಾರ್ಡುಗಳೆಲ್ಲ ಸಾಲದಲ್ಲಿ ಮುಳುಗಿವೆ. ಆಗ ಅವರು ಅಧ್ಯಕ್ಷೀಯ ಚುನಾವಣೆಯ ಅಭ್ಯರ್ಥಿಗಳ ಹೆಸರಿನಲ್ಲಿ ಬೆಳಗಿನ ತಿಂಡಿಯ ಸಿರಿಯಲ್ ಡಬ್ಬಿ ಮಾಡಿ, ಒಂದಕ್ಕೆ 40 ಡಾಲರ್‌ನಂತೆ ಮಾರಿ ಸುಮಾರು 30,000 ಡಾಲರ್ ಎತ್ತಿದರು. ಬಾಡಿಗೆ ಕೋಣೆಗೂ ಸಿರಿಯಲ್ಲಿಗೂ ಏನು ಸಂಬಂಧ? ಏನೂ ಇಲ್ಲ. ಅವರು ಅದರಿಂದ ಕೊಂಡದ್ದು ಕೆಲವು ತಿಂಗಳು. ಆ ತಿಂಗಳುಗಳಿಂದಾಗಿಯೇ 2009ರಲ್ಲಿ, ಹೊಸ ಕಂಪನಿಗಳಿಗೆ ಹಣ ಹಾಕುವ ವೈ ಕಾಂಬಿನೇಟರ್ ಸಂಸ್ಥೆ ಅವರಿಗೆ ಬಾಗಿಲು ತೆರೆದಾಗ ಅವರು ಇನ್ನೂ ಉಳಿದಿದ್ದರು.

3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ಸರಿಯಾಗಿ ಅಂಟದ ಒಂದು ಅಂಟು ಕಂಡುಹಿಡಿದದ್ದು 1968ರಲ್ಲಿ. ಅದನ್ನು ಹಾಳೆಗೆ ಹಚ್ಚಿ ಪುಸ್ತಕದಲ್ಲಿ ಗುರುತಿಗೆ ಇಡಬಹುದು ಎಂದು ಅದೇ ಕಂಪನಿಯ ಆರ್ಟ್ ಫ್ರೈಗೆ ತೋಚಿದ್ದು 1974ರಲ್ಲಿ. 1977ರಲ್ಲಿ ನಾಲ್ಕು ನಗರಗಳಲ್ಲಿ ಮಾರಿ ನೋಡಿದರು, ಜನ ಮೂಸಲಿಲ್ಲ. ಮರುವರ್ಷ ಬಾಯ್ಸಿ ಎಂಬ ಊರಿನಲ್ಲಿ ಪುಕ್ಕಟೆ ಹಂಚಿದರು, ಬಳಸಿ ನೋಡಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಕೊಳ್ಳುತ್ತೇವೆ ಎಂದರು. ಅಂಟಿಸಿ ಕೀಳಬಹುದಾದ ಆ ಚೀಟಿ, ಪೋಸ್ಟ್-ಇಟ್, ಅಮೆರಿಕದ ಎಲ್ಲೆಡೆ ಸಿಕ್ಕಿದ್ದು 1980ರಲ್ಲಿ. ಹನ್ನೆರಡು ವರ್ಷ! ನೌಕರರಿಗೆ ಕೆಲಸದ ಸಮಯದ ಶೇಕಡಾ 15ರಷ್ಟನ್ನು ಸ್ವಂತ ಹುಚ್ಚುಗಳಿಗೆ ಬಳಸಲು ಬಿಡುವ ದೊಡ್ಡ ಕಂಪನಿಯೊಳಗೆ ಇದ್ದುದರಿಂದ ಅದು ಬದುಕಿತು. ಸಾಲ ಮಾಡಿ ಅಂಗಡಿ ಹಾಕಿದವರ ಕೈಯಲ್ಲಿ ಅದೇ ಅಂಟು 1970ರ ಹೊತ್ತಿಗೇ ಸತ್ತಿರುತ್ತಿತ್ತು.

ಕಾಲ ಕೈಯಲ್ಲಿದ್ದರೆ ಸಾಲದು, ಅದನ್ನು ಏನಕ್ಕೆ ಖರ್ಚು ಮಾಡುತ್ತೀರಿ ಎನ್ನುವುದೂ ಇದೆ. ದಿನಸಿಯನ್ನು ಮನೆಗೆ ತಲುಪಿಸಲು ಹೊರಟ ವೆಬ್‌ವ್ಯಾನ್ 1999ರಲ್ಲಿ ಷೇರುಪೇಟೆಗೆ ಬಂತು. ಇವತ್ತು ಎಲ್ಲರೂ ಮಾಡುತ್ತಿರುವ ಕೆಲಸವೇ ಅದು. ಒಂದು ನಗರದಲ್ಲಿ ಲಾಭ ಬರುತ್ತದೆಯೇ ಎಂದು ತಿಳಿಯುವ ಮೊದಲೇ ಸಾಲು ಸಾಲು ಗೋದಾಮು ಕಟ್ಟಲು ನೂರು ಕೋಟಿ ಡಾಲರ್‌ನ ಗುತ್ತಿಗೆಗೆ ಸಹಿ ಹಾಕಿದರು. 2001ರ ಜುಲೈನಲ್ಲಿ ಬಾಗಿಲು ಹಾಕಿತು. ಸುಮಾರು 2,000 ಜನರ ಕೆಲಸ ಹೋಯಿತು.

ನಾನು ಮತ್ತೆ ಮತ್ತೆ ಓದುವುದು ಸ್ಟುವರ್ಟ್ ಬಟರ್‌ಫೀಲ್ಡ್ ಕಥೆಯನ್ನು. ಆನ್‌ಲೈನ್ ಆಟ ಕಟ್ಟಲು ಹೋದರು, ಅದು ನಡೆಯಲಿಲ್ಲ, ಅದರ ಬಗಲಿನಿಂದ 2004ರಲ್ಲಿ ಫೋಟೋ ಹಂಚಿಕೊಳ್ಳುವ ಜಾಲತಾಣ ಫ್ಲಿಕರ್ ಹುಟ್ಟಿತು. ಮತ್ತೆ ಆಟವನ್ನೇ ಕಟ್ಟಿದರು. ಗ್ಲಿಚ್ ಎಂಬ ಅದು 2012ರ ಡಿಸೆಂಬರಿನಲ್ಲಿ ಮುಚ್ಚಿತು. ಆಟ ಕಟ್ಟುವಾಗ ತಂಡದವರು ತಮ್ಮತಮ್ಮಲ್ಲಿ ಮಾತಾಡಲು ಮಾಡಿಕೊಂಡಿದ್ದ ಸಾಧನವೇ ಸ್ಲ್ಯಾಕ್ ಆಯಿತು. 2020ರಲ್ಲಿ ಸೇಲ್ಸ್‌ಫೋರ್ಸ್ ಎಂಬ ಸಾಫ್ಟ್‌ವೇರ್ ಕಂಪನಿ ಅದನ್ನು ಸುಮಾರು 2,770 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು. ಎಲ್ಲರೂ ಆ ಅಂಕಿಯ ಮೇಲೆ ಬೆರಳಿಡುತ್ತಾರೆ. ನಾನು ಬೆರಳಿಡುವುದು ಆಟ ಮುಚ್ಚಿದ ದಿನದ ಮೇಲೆ. ಹೆಚ್ಚಿನ ನೌಕರರನ್ನು ಬಿಡಬೇಕಾಯಿತು. ಅವರನ್ನು ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಕಂಪನಿಯೇ ಅವರ ವಿವರಗಳ ಪುಟವೊಂದನ್ನು ಮಾಡಿ ಹಾಕಿತು. ಹಾಗೆ ಹೊರಗೆ ಹೋದವರೂ ಆ ಮಾತಾಡುವ ಸಾಧನವನ್ನು ದಿನಾ ಬಳಸಿ, ತಿಕ್ಕಿ ತೀಡಿದವರೇ.

ನಮ್ಮಲ್ಲೂ ಅದೇ ಆಯಿತು. ನಾವು ಬಿಡಿಸಿದ ಇಬ್ಬರಲ್ಲಿ ಒಬ್ಬ ವಿಚಾರಿಸಿ ಕರೆ ಮಾಡುವವರ ಫೋನು ತೆಗೆದುಕೊಳ್ಳುವ ಹುಡುಗ. ಕೊನೆಯ ದಿನ ಒಂದು ನೋಟ್‌ಬುಕ್ ನನ್ನ ಮೇಜಿನ ಮೇಲಿಟ್ಟು ಹೋದ. ಬಂದ ಕರೆಗಳನ್ನೆಲ್ಲ ಅವರವರ ಮಾತಿನಲ್ಲೇ ಬರೆದಿದ್ದ. ನಾನು ಅದನ್ನು ತೆರೆದದ್ದು ಐದು ವಾರ ಕಳೆದ ಮೇಲೆ. ಆರನೇ ಪುಟದಲ್ಲಿ ಒಬ್ಬ ಉಗ್ರಾಣದ ಮೇಲ್ವಿಚಾರಕರ ಮಾತು: "ಯಂತ್ರ ಯಾವಾಗ ಕೈಕೊಡುತ್ತೆ ಅಂತ ಅದರ ಸದ್ದಿನಲ್ಲೇ ನಮಗೆ ಗೊತ್ತಾಗುತ್ತೆ ಸ್ವಾಮಿ. ಅದಕ್ಕೆ ಬೇಕಾದ ಬೇರಿಂಗ್ ಯಾವ ಕಪಾಟಿನಲ್ಲಿದೆ ಅಂತ ಗೊತ್ತಾಗಲ್ಲ." ಅದೇ ದೂರು, ಬೇರೆ ಬೇರೆ ಬಾಯಲ್ಲಿ, ಆ ಪುಸ್ತಕದಲ್ಲಿ ಹದಿನಾಲ್ಕು ಕಡೆ ಇತ್ತು.

ನಮ್ಮ ಸಾಫ್ಟ್‌ವೇರಿನಲ್ಲಿ ಬಿಡಿಭಾಗಗಳ ಪಟ್ಟಿ ತೋರಿಸುವ ಒಂದು ಪುಟ್ಟ ಪುಟವಿತ್ತು. ಯಾರಿಗೂ ಬೇಡವೆಂದು ಮೂಲೆಗೆ ತಳ್ಳಿದ್ದೆವು. ಮಿಕ್ಕದ್ದನ್ನೆಲ್ಲ ಕಿತ್ತುಹಾಕಿ ಅದೊಂದನ್ನೇ ಕಟ್ಟಿದೆವು. ಆ ಮೇಲ್ವಿಚಾರಕರ ಕಾರ್ಖಾನೆಯೇ ಮೊದಲ ಗ್ರಾಹಕ. ಅಲ್ಲಿ ನಾವು ಕಷ್ಟಪಟ್ಟು ಬಾಯಿಬಿಟ್ಟು ಕೇಳಿದ ಒಂದೇ ವಿಷಯ: ವರ್ಷದ ಹಣ ಮುಂಗಡ ಕೊಡಿ, ಬೆಲೆ ಇಳಿಸುತ್ತೇವೆ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಸಂಬಳ ಒಂದನೇ ತಾರೀಕಿಗೆ ಹೋಗುತ್ತದೆ, ಬಿಲ್ಲಿನ ಹಣ ಅರವತ್ತು ತೊಂಬತ್ತು ದಿನ ಬಿಟ್ಟು ಬರುತ್ತದೆ. ಆರ್ಡರ್ ಹೆಚ್ಚಿದಂತೆ ಈ ನಡುವಿನ ಕಂದಕವೂ ಹಿಗ್ಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಲಾಭ ಕಾಣುತ್ತಿರುವಾಗಲೇ, ಬ್ಯಾಂಕಿನಲ್ಲಿ ಹಣವಿಲ್ಲದೆ ಕಂಪನಿಗಳು ಸಾಯುತ್ತವೆ. ಆ ಮುಂಗಡ ಬಂದ ತಿಂಗಳು ಅಕ್ಕ ಮನೆ ಖರ್ಚಿನ ಅರ್ಧವನ್ನು ನನಗೆ ಬಿಟ್ಟುಕೊಟ್ಟಳು. ಅದು ಇಪ್ಪತ್ತನೇ ತಿಂಗಳು. "ಯಾವ ದಿನ?" ಎಂಬ ಅವಳ ಪ್ರಶ್ನೆಗೆ ನನ್ನ ಹತ್ತಿರ ಒಂದು ತಾರೀಕು ಇದ್ದರೆ ಅದು ಆ ದಿನದ್ದೇ.

ಹಾಗಾದರೆ ಐಡಿಯಾ ಯಾರದು? ಹೇಳಿದವರು ಉಗ್ರಾಣದ ಮೇಲ್ವಿಚಾರಕರು. ಕೇಳಿಸಿಕೊಂಡವನು ಆ ಹುಡುಗ. ಓದಲು ಕಾಲ ಕೊಟ್ಟವಳು ಅಕ್ಕ. ಕಟ್ಟಿದ್ದು ನಾವು, ಅದನ್ನು ಅಲ್ಲಗಳೆಯುವುದಿಲ್ಲ, ಹಗಲು ರಾತ್ರಿ ಕಟ್ಟಿದ್ದೇವೆ. ಆದರೆ ಮೈಕು ಹಿಡಿದು "ನನಗೆ ಹೊಳೀತು" ಎಂದಾಗ ಈ ಮೂವರನ್ನೂ ಒಂದೇ ವಾಕ್ಯದಲ್ಲಿ ಅಳಿಸಿದ್ದೆ.

ಎರಡನೇ ಗ್ರಾಹಕರು ಸಿಕ್ಕ ವಾರ ಆ ಹುಡುಗನಿಗೆ ಫೋನು ಮಾಡಿ, ಮರಳಿ ಬಾ ಎಂದೆ. ಅಷ್ಟರಲ್ಲಿ ಬೇರೆ ಕಡೆ ಸೇರಿದ್ದ, ಬರುವುದಿಲ್ಲ ಎಂದ. ನೋಟ್‌ಬುಕ್ಕಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಹನ್ನೆರಡನೇ ಪುಟ ನೋಡಿದ್ರಾ? ಅದರಲ್ಲಿ ಇನ್ನೊಂದು ಇದೆ."

ಇತ್ತು. ಈಗ ನಾವು ಮಾರುತ್ತಿರುವ ಎರಡನೇ ಉತ್ಪನ್ನ ಅದೇ. ಅದರಿಂದ ಬರುವ ಹಣದಲ್ಲಿ ಅವನಿಗೆ ಒಂದು ಪಾಲು ಹೋಗುತ್ತದೆ. ಅದನ್ನು ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಲು ಅವನನ್ನು ಒಪ್ಪಿಸುವುದಕ್ಕೇ ನನಗೆ ನಾಲ್ಕು ತಿಂಗಳು ಬೇಕಾಯಿತು.