‘ಕೆಚ್ಚಲ ಬಾತೈತ್ರಿ’ ಅಂದರೆ ಮೊದಲು ಕೇಳಬೇಕಾದ್ದು: ಎಲ್ಲಿ?

ನವಲಗುಂದ, ರೋಣ, ಶಿಗ್ಗಾವಿ ಕಡೆಯ ಕುರಿಗಾರರು ಫೋನಿನಲ್ಲಿ “ಕೆಚ್ಚಲ ಬಾತೈತ್ರಿ, ಒಂದ್ ಸೂಜಿ ಮಾಡ್ರಿ” ಅಂತಾರೆ. ಆ ಒಂದು ಮಾತಿನೊಳಗೆ ಮೊಲೆ ತುದಿಯ ಹುಣ್ಣು ಇರಬಹುದು, ಅರ್ಧ ಕೆಚ್ಚಲು ಕಲ್ಲಾಗಿರಬಹುದು, ಈಯುವ ಮುಂಚಿನ ಬರೀ ನೀರುಬಾವೂ ಇರಬಹುದು. ಮೂರಕ್ಕೂ ಒಂದೇ ಸೂಜಿ ನಡೆಯುವುದಿಲ್ಲ. ಹೊಸದಾಗಿ ಕೆಲಸಕ್ಕೆ ಬಂದ ಪಶು ವೈದ್ಯಕೀಯ ಪರೀಕ್ಷಕರಿಗೂ ಪಶು ಸಖಿಯರಿಗೂ (ಹಳ್ಳಿಯಲ್ಲೇ ದನ-ಕುರಿಗಳ ಆರೋಗ್ಯ ನೋಡುವ ಮಹಿಳಾ ಕಾರ್ಯಕರ್ತೆಯರು) ಔಷಧಿಗಿಂತ ಮೊದಲು ಭಾಗಗಳ ಹೆಸರು ಬಾಯಲ್ಲಿರಬೇಕು.

ಕುರಿ, ಆಡಿಗೆ ಕೆಚ್ಚಲಿನ ಅರ್ಧ ಎರಡು, ಮೊಲೆ ಎರಡು, ಒಂದೊಂದಕ್ಕೆ ಒಂದೇ ರಂಧ್ರ. ಆಕಳು, ಎಮ್ಮೆಗೆ ನಾಲ್ಕು ಭಾಗ, ನಾಲ್ಕು ಮೊಲೆ. ಕುದುರೆಗೆ ಮೊಲೆ ಎರಡೇ ಆದರೂ ಸಾಮಾನ್ಯವಾಗಿ ಒಂದೊಂದರಲ್ಲಿ ಎರಡು ರಂಧ್ರ. ಹಂದಿಯ ಲೆಕ್ಕವೇ ಬೇರೆ, 12–14 ಮೊಲೆ ಸಾಮಾನ್ಯ. ಕುರಿಯ ಎರಡು ಅರ್ಧಗಳ ನಡುವೆ ಗಟ್ಟಿ ಪದರವಿದೆ. ಬಲ ಮೊಲೆಗೆ ಏರಿಸಿದ ಟ್ಯೂಬಿನ ಔಷಧಿ ಎಡಕ್ಕೆ ನೇರವಾಗಿ ದಾಟುವುದಿಲ್ಲ. ಅದಕ್ಕೇ ಎಡ-ಬಲ ತಪ್ಪಬಾರದು, ಆದರೆ ತಪ್ಪುವುದೇ ಅಲ್ಲಿ. ಹಿಂದೆ ನಿಂತು ನೋಡಿದರೆ ಕುರಿಯ ಎಡ ನಿಮ್ಮ ಎಡವೇ. ಒಬ್ಬರು ಹಿಡಿದು ಕುಂಡಿಯ ಮೇಲೆ ಕೂರಿಸಿ, ನೀವು ಹೊಟ್ಟೆಯ ಕಡೆಯಿಂದ ನೋಡಿದಿರೋ, ಅದರ ಎಡ ನಿಮ್ಮ ಬಲಕ್ಕೆ ಬರುತ್ತದೆ. ಪುಸ್ತಕದಲ್ಲಿ ಯಾವಾಗಲೂ ಪ್ರಾಣಿಯ ಎಡ-ಬಲವನ್ನೇ ಬರೆಯಿರಿ. ಆ ಅರ್ಧದ ಮೇಲೆ ಬಣ್ಣದ ಗೆರೆಯನ್ನೂ ಎಳೆದರೆ ನಾಳೆ ಬರುವವರಿಗೆ ಗೊಂದಲವಿಲ್ಲ.

ಕೆಚ್ಚಲಿನ ಪಕ್ಕ, ತೊಡೆಯ ಸಂದಿಯಲ್ಲಿ ಕುರಿಗೆ ಎರಡೂ ಕಡೆ ಒಂದೊಂದು ಚರ್ಮದ ಜೇಬು ಇರುತ್ತದೆ. ಬೆರಳು ಹಾಕಿದರೆ ಹಳದಿ, ಮೇಣದಂಥ ಜಿಡ್ಡು ಹತ್ತುತ್ತದೆ, ವಾಸನೆಯೂ ಇದೆ. ಹೊಸಬರು ಇದನ್ನೇ ಕೀವು ಅಂದುಕೊಂಡು ಉಜ್ಜಿ ತೊಳೆಯುತ್ತಾರೆ. ತೊಳೆಯಬೇಡಿ. ಆಗತಾನೆ ಹುಟ್ಟಿದ ಮರಿ ಮೊಲೆ ಹುಡುಕಲು ಆ ವಾಸನೆಯೂ ನೆರವಾಗುತ್ತದೆ. ಆಡಿಗೆ ಈ ಜೇಬು ಇಲ್ಲ.

ಕೈಯಾಡಿಸುವುದು ಮೇಲಿನಿಂದ ಕೆಳಕ್ಕೆ, ಎರಡೂ ಅರ್ಧವನ್ನು ಒಟ್ಟಿಗೆ ಹಿಡಿದು ಹೋಲಿಸುತ್ತ. ಮರಿ ಕುಡಿದಾದ ಮೇಲೆ ನೋಡಿದರೆ ಒಳ್ಳೆಯದು. ಒಳ್ಳೆಯ ಕೆಚ್ಚಲು ಆಗ ರೊಟ್ಟಿಗೆ ನಾದಿದ ಹಿಟ್ಟಿನಂತೆ ಸಡಿಲವಾಗಿ ಸಿಗುತ್ತದೆ. ಹಿಂಭಾಗದಲ್ಲಿ, ಮೇಲೆ, ಜಾರುವ ಗಡ್ಡೆಯೊಂದು ಬೆರಳಿಗೆ ಸಿಕ್ಕರೆ ಅದು ಹಾಲ್ಗ್ರಂಥಿಯ ಗಂಟಲ್ಲ, ದುಗ್ಧರಸ ಗ್ರಂಥಿ (ಲಿಂಫ್ ನೋಡ್). ಅದು ಎಲ್ಲ ಕುರಿಗೂ ಇದೆ. ಒಂದೇ ಬದಿಯದು ದೊಡ್ಡದಾಗಿದ್ದರೆ ಮಾತ್ರ ಆ ಬದಿಯ ಕೆಚ್ಚಲನ್ನು ಇನ್ನೊಮ್ಮೆ ಹಿಂಡಿ ನೋಡಿ. ಮೊದಲ ಮೂರ್ನಾಲ್ಕು ಧಾರೆ ಕಪ್ಪು ತಟ್ಟೆಯ ಮೇಲೆ ಬೀಳಲಿ, ಗಸಿ ಇದ್ದರೆ ಕಣ್ಣಿಗೇ ಕಾಣುತ್ತದೆ. ಸಿ.ಎಂ.ಟಿ. (ಕೆಚ್ಚಲು ಬಾವು ಪತ್ತೆಗೆ ಹಾಲಿಗೆ ಬೆರೆಸಿ ನೋಡುವ ಪರೀಕ್ಷೆ) ದ್ರಾವಣವನ್ನು ಆಡಿನ ಹಾಲಿಗೆ ಹಾಕಿದಾಗ ಸ್ವಲ್ಪ ಗಟ್ಟಿಯಾದ ಕೂಡಲೇ ರೋಗ ಅನ್ನಬೇಡಿ: ಆರೋಗ್ಯವಂತ ಆಡಿನ ಹಾಲಿನಲ್ಲೂ ಜೀವಕೋಶ ಹೆಚ್ಚು.

ಮೊಲೆ ತುದಿಯ ನಾಳ ಆಕಳಿನಲ್ಲಿ ಸುಮಾರು 1 ಸೆಂ.ಮೀ.; ಕುರಿಯದು ಇನ್ನೂ ಸಣ್ಣದು. ಒಳಗೆ ಮೇಣದಂಥ ಪದರ ರೋಗಾಣುವಿಗೆ ಬಾಗಿಲು ಹಾಕಿರುತ್ತದೆ. ಆಕಳ ಟ್ಯೂಬಿನ ಉದ್ದ ಮೂತಿಯನ್ನು ಕುರಿಗೆ ಪೂರ್ತಿ ತುರುಕಿದರೆ ಆ ಪದರ ಕಿತ್ತು ಬರುತ್ತದೆ, ಹೊರಗಿನ ಕೊಳೆ ಒಳಗೆ ಹೋಗುತ್ತದೆ. 2–3 ಮಿ.ಮೀ. ಹೋದರೆ ಸಾಕು. ಸ್ಪಿರಿಟ್ ಹತ್ತಿಯಿಂದ ಒರೆಸುವಾಗ ದೂರದ ಮೊಲೆ ಮೊದಲು, ಔಷಧಿ ಏರಿಸುವಾಗ ಹತ್ತಿರದ್ದು ಮೊದಲು. ಹಾಗಾದರೆ ಒರೆಸಿದ ಮೊಲೆಗೆ ತೋಳು ತಾಗುವುದಿಲ್ಲ.

ಹಾಲು ಎಲ್ಲಿ ನಿಂತಿರುತ್ತದೆ ಅನ್ನುವುದೂ ಕೆಲಸಕ್ಕೆ ಬರುವ ಮಾತು. ಕುರಿ, ಆಡಿನಲ್ಲಿ ಅರ್ಧದಷ್ಟೋ ಹೆಚ್ಚೋ ಕೆಳಗಿನ ತೊಟ್ಟಿಯಲ್ಲೇ ಇರುತ್ತದೆ, ಆಕಳಲ್ಲಿ ಸುಮಾರು ಐದನೇ ಒಂದು ಪಾಲು, ಎಮ್ಮೆಯಲ್ಲಿ ಬಹಳ ಕಡಿಮೆ. ಸೊರ ಬಿಡದ (ಹಾಲು ಕೆಳಕ್ಕೆ ಇಳಿಸದ) ಎಮ್ಮೆಯ ಖಾಲಿ ಮೊಲೆಯನ್ನು ಎಳೆದೆಳೆದು ಹಿಂಡಿದರೆ ಒಳಚರ್ಮ ಜಜ್ಜುತ್ತದೆ, ಮುಂದೆ ಅಲ್ಲೇ ಗಂಟು ಕಟ್ಟುತ್ತದೆ. “ಹಾಲು ಬರವಲ್ದ್ರಿ” ಅಂದರೆ ಮೊದಲು ಕರು ಬಿಟ್ಟರೋ ಇಲ್ಲವೋ ಕೇಳಿ.

ನಮ್ಮ ಎರೆ ಹೊಲಗಳಲ್ಲಿ ಕುರಿ ತರುಬಿದಾಗ ಜೋಳದ ಕೂಳೆ ಮೊಲೆಗೆ ಚುಚ್ಚುತ್ತದೆ. ಉಣ್ಣೆ ಕತ್ತರಿಸುವಾಗ ಮೊಲೆಯೇ ಕತ್ತರಿಗೆ ಸಿಗುವುದೂ ಉಂಟು. ಕತ್ತರಿಸುವವರ ಇನ್ನೊಂದು ಕೈ ಮೊಲೆಯನ್ನು ಮುಚ್ಚಿರಬೇಕು. ಮರಿಯ ತುಟಿಯಲ್ಲಿ ಹುರುಕು ಹುಣ್ಣಿದ್ದರೆ ಅದು ತಾಯಿಯ ಮೊಲೆಗೂ ಹತ್ತುತ್ತದೆ, ನಿಮ್ಮ ಕೈಗೂ ಹತ್ತೀತು, ಗ್ಲೌಸ್ ಹಾಕಿಕೊಳ್ಳಿ.

ಹಿಂಗಾಲು ಕುಂಟುವ ಕುರಿಗೆ ಗೊರಸು ಮಾತ್ರ ನೋಡಿ ಕಳಿಸುವುದು ಬಹಳ ಕಡೆ ಆಗುವ ತಪ್ಪು. ಬಾತ ಕೆಚ್ಚಲು ತೊಡೆಗೆ ಉಜ್ಜಿ ನೋಯುವುದರಿಂದಲೂ ಅದು ಕಾಲು ಎಳೆಯುತ್ತದೆ. ಮರಿಯ ಪಕ್ಕೆ ಒಳಕ್ಕೆ ಹೋಗಿದೆಯೋ, ತಾಯಿ ಮರಿಯನ್ನು ಒದೆಯುತ್ತದೋ ಕೇಳಿ. ಫೋನಿನಲ್ಲೇ “ಕೈ ಇಟ್ಟು ನೋಡ್ರಿ, ಬಿಸಿ ಐತೋ ತಣ್ಣಗ ಐತೋ?” ಅನ್ನಿ. ಬಿಸಿ, ಕೆಂಪು, ನೋವು ಇದ್ದರೂ ಅದೇ ದಿನ ನೋಡಬೇಕು. ತಣ್ಣಗಾಗಿ ನೀಲಿ ತಿರುಗಿ, ಹಿಂಡಿದರೆ ಕೆಂಪು ನೀರು ಬಂದರೆ ಆ ಅರ್ಧ ಸತ್ತಿದೆ. ಆಮೇಲೆ ಉಳಿಸಬೇಕಾದ್ದು ಕೆಚ್ಚಲನ್ನಲ್ಲ, ಕುರಿಯನ್ನು. ವೈದ್ಯರನ್ನು ಆಗಲೇ ಹಟ್ಟಿಗೆ ಕರೆಸಿ, ಮರಿಗೆ ಬೇರೆ ಹಾಲು ಹೊಂದಿಸಲು ಹೇಳಿ.