ಯೆರಿಕೋವಿಗೆ ಇಳಿಯುವ ದಾರಿ

2023ರ ಅಕ್ಟೋಬರ್ 1, ಭಾನುವಾರ. ಆರಾಧನೆ ಮುಗಿದ ಮೇಲೆ ಪ್ರವಾಸಕ್ಕೆ ಹೆಸರು ಕೊಟ್ಟವರೆಲ್ಲ ಚರ್ಚಿನ ಸಭಾಂಗಣದಲ್ಲಿ ಕೂತಿದ್ದೆವು. 18ನೇ ತಾರೀಕು ಹೊರಡುವುದು. ಅಮ್ಮಾನಿನಲ್ಲಿ ಇಳಿದು ವಾಗ್ದತ್ತ ದೇಶವನ್ನು ಮೋಶೆ ದೂರದಿಂದ ನಿಂತು ನೋಡಿದ ನೆಬೋ ಬೆಟ್ಟ, ಆಮೇಲೆ ಯೊರ್ದನ್ ಹೊಳೆ ದಾಟಿ ಯೆರಿಕೋ, ಗಲಿಲಾಯ, ನಜರೇತ್, ಬೇತ್ಲೆಹೇಮ್, ಕೊನೆಗೆ ಯೆರೂಸಲೇಮ್. ಅಯ್ಯನವರು ಒಂದೊಂದೇ ಸೂಚನೆ ಓದುತ್ತಾ ಹೋದರು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಹಳೇ ಪಟ್ಟಣದ ಕಲ್ಲುಹಾಸು ಕಾಲು ಸವೆಸಿ ಸವೆಸಿ ನುಣುಪಾಗಿದೆ, ಜಾರದ ಶೂ ಬೇಕು. ಮಾತ್ರೆ ಕೈಚೀಲದಲ್ಲೇ ಇಟ್ಟುಕೊಳ್ಳಿ.

"ಏನಾದರೂ ಕೇಳುವುದು ಉಂಟಾ?" ಎಂದಾಗ ಅಮ್ಮ ಕೈ ಎತ್ತಿದಳು. ಅವಳಿಗಾಗ 74.

"ಅಯ್ಯನವರೇ, ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ಆ ದಾರಿ ಈಗಲೂ ಉಂಟಾ?"

ಉಂಟು ಎಂದರು ಅಯ್ಯನವರು. ಹಳೆಯ ಕಾಲುದಾರಿ ಕಣಿವೆಯ ಪಕ್ಕದಲ್ಲೇ ಇದೆ, ಬಸ್ಸು ಹೋಗುವುದು ಹೊಸ ಹೆದ್ದಾರಿಯಲ್ಲಿ. ಯೆರೂಸಲೇಮ್ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲೆ, ಯೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗೆ. 30 ಕಿಲೋಮೀಟರಿಗೂ ಕಡಿಮೆ ದಾರಿಯಲ್ಲಿ ಒಂದು ಸಾವಿರ ಮೀಟರ್ ಇಳಿತ. ಅಮ್ಮ ನನ್ನ ಕೈ ಒತ್ತಿ ಹಿಡಿದಳು. "ನಾನು ಹೇಳಿದ್ದೆನಲ್ಲ ಮಗಾ, ಅದು ಘಟ್ಟವೇ."

ಅವಳು ಹೇಳಿದ್ದು ನಿಜ. ನನಗೆ ಐದಾರು ವರ್ಷವಿದ್ದಾಗಿನಿಂದ ಹೇಳುತ್ತಿದ್ದಳು. ಅಮ್ಮನ ತವರು ಮೂಡಿಗೆರೆ ಕಡೆ. ಮದುವೆಯಾಗಿ ಚಾರ್ಮಾಡಿ ಇಳಿದು ಮಂಗಳೂರಿಗೆ ಬಂದವಳು. ಬಸ್ಸಿನ ಕಿಟಕಿಯಲ್ಲಿ ಚಳಿ ಕಳೆದು ಸೆಖೆ ಶುರುವಾಗುವ ತಿರುವು ಯಾವುದೆಂದು ಅವಳಿಗೆ ಗೊತ್ತು. ರಾತ್ರಿಯ ಪ್ರಾರ್ಥನೆಗೆ ಸತ್ಯವೇದ ಓದುವಾಗ, ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ, ಕಳ್ಳರ ಕೈಗೆ ಸಿಕ್ಕಿದ ಆ ಮನುಷ್ಯ ಯೆರೂಸಲೇಮಿನಿಂದ 'ಇಳಿದು' ಹೋಗುತ್ತಿದ್ದನೆಂಬಲ್ಲಿ ಅವಳ ಬೆರಳು ನಿಲ್ಲುತ್ತಿತ್ತು. "ಸುಮ್ಮನೆ ಹೋದ ಅನ್ನಬಹುದಿತ್ತು. ಇಳಿದ ಅಂತಲೇ ಬರೆದಿದ್ದಾರೆ, ನೋಡು." ನನ್ನ ಮನಸ್ಸಿನಲ್ಲಿ, ಬಿದ್ದವನನ್ನು ಎತ್ತಿಕೊಳ್ಳಲು ಸಮಾರ್ಯದವನು ಕತ್ತೆ ನಿಲ್ಲಿಸಿದ್ದು ಚಾರ್ಮಾಡಿಯ ಒಂದು ತಿರುವಿನಲ್ಲಿ, ಮಂಜಿನ ನಡುವೆ. ಕಳ್ಳರು ಅಡಗಿದ್ದು ದಟ್ಟ ಕಾಡಿನಲ್ಲಿ.

ಅಲ್ಲಿ ಕಾಡಿಲ್ಲ. ಆ ಭಾನುವಾರ ರಾತ್ರಿ ಫೋನಿನಲ್ಲಿ ಫೋಟೋಗಳನ್ನು ತೆಗೆದು ತೋರಿಸಿದೆ. ಬೋಳು ಸುಣ್ಣಕಲ್ಲಿನ ಗುಡ್ಡಗಳು, ಮೇಕೆ ನಡೆದು ಮೂಡಿದ ಗೆರೆಗಳು, ಹಸಿರೇ ಇಲ್ಲ. ಮೆಡಿಟರೇನಿಯನ್ ಕಡಲಿನಿಂದ ಬರುವ ಮೋಡ ಬೆಟ್ಟಸಾಲಿನ ಪಶ್ಚಿಮಕ್ಕೇ ಸುರಿದುಬಿಡುತ್ತದೆ, ಪೂರ್ವದ ಇಳಿಜಾರು ಮರುಭೂಮಿಯಾಗಿ ಉಳಿಯುತ್ತದೆ. ಅಮ್ಮ ಬಹಳ ಹೊತ್ತು ನೋಡಿದಳು. ಅರವತ್ತು ವರ್ಷ ಸಾಕಿದ ಕಾಡನ್ನು ಒಂದೇ ರಾತ್ರಿ ಕಿತ್ತುಕೊಂಡೆನೇ ಎಂದು ನನಗೆ ಕಸಿವಿಸಿಯಾಯಿತು. ಅವಳು ಮಾತ್ರ, "ಹಾಗಾದರೆ ಅದು ಕಡೂರಿನ ಕಡೆಗೆ ಇಳಿದ ಹಾಗೆ. ಮಳೆ ಎಲ್ಲ ನಮ್ಮ ಕಡೆಗೆ, ಆಚೆ ಒಣಗಿದ ಬಯಲು" ಎಂದಳು. ಆಮೇಲೆ ಮೆಲ್ಲಗೆ, "ಅಡಗಲು ಒಂದು ಮರವೂ ಇಲ್ಲದ ಕಡೆ ಬಿದ್ದವನು ದೂರದಿಂದಲೇ ಕಾಣುತ್ತಾನಲ್ಲ. ಮೊದಲು ಬಂದ ಯಾಜಕ, ದೇವಾಲಯದ ಸೇವೆಯ ಲೇವಿಯ, ಆ ಇಬ್ಬರೂ ಕಂಡೇ ದಾಟಿಹೋದರು" ಎಂದಳು. ಆ ಕಥೆಯನ್ನು ಎಷ್ಟು ಸಲ ಕೇಳಿದ್ದೆನೋ, ಇದು ನನಗೆ ಹೊಳೆದಿರಲಿಲ್ಲ.

ಆ ವಾರವಿಡೀ ನಮಗೆ ಇದೇ ಕೆಲಸ. ರಾತ್ರಿ ಊಟವಾದ ಮೇಲೆ ಅವಳು ಒಂದು ಊರಿನ ಹೆಸರು ಹೇಳುವುದು, ನಾನು ಹುಡುಕುವುದು. ಗಲಿಲಾಯ ಸಮುದ್ರವೆಂದರೆ ನನಗೆ ಬೆಂಗ್ರೆಯಾಚೆಯ ಅಲೆಗಳ ಕಡಲೇ ಆಗಿತ್ತು. ಅದು ಸಿಹಿನೀರಿನ ಸರೋವರ. ಉದ್ದ 21 ಕಿಲೋಮೀಟರ್, ಅಗಲ 13. ಒಂದು ದಡದಿಂದ ಇನ್ನೊಂದು ದಡ ಕಾಣುತ್ತದೆ. ಸುವಾರ್ತೆ ಬರೆದ ನಾಲ್ವರಲ್ಲಿ ಲೂಕನೊಬ್ಬ ಅದನ್ನು ಸಮುದ್ರ ಎನ್ನುವುದಿಲ್ಲ. ಅಲ್ಲಿಯ ಹೋಟೆಲುಗಳಲ್ಲಿ ಪೇತ್ರನ ಮೀನೆಂದು ಬಡಿಸುವುದು ತಿಲಾಪಿಯ, ಅಂದರೆ ನಮ್ಮ ಕೆರೆಗಳ ಜಿಲೇಬಿ ಮೀನಿನ ಬಳಗ. 1986ರಲ್ಲಿ ಬರ ಬಂದು ನೀರು ಇಳಿದಾಗ ಕೆಸರಿನಲ್ಲಿ ಎರಡು ಸಾವಿರ ವರ್ಷ ಹಳೆಯದೊಂದು ದೋಣಿ ಸಿಕ್ಕಿದೆ, ಎಂಟು ಮೀಟರಿಗಿಂತ ಸ್ವಲ್ಪ ಉದ್ದ. "ಯೇಸು, ಹನ್ನೆರಡು ಶಿಷ್ಯರು, ಹದಿಮೂರು ಜನ ಕೂತುಕೊಳ್ಳಬಹುದಾ?" ಎಂದು ಕೇಳಿದಳು. ಕೂತುಕೊಳ್ಳಬಹುದು. ಯೆರಿಕೋವಿನಲ್ಲಿ ಯೇಸುವನ್ನು ನೋಡಲು ಗಿಡ್ಡ ಜಕ್ಕಾಯ ಹತ್ತಿದ ಮರ ನಮ್ಮ ಅತ್ತಿಮರದ ಕುಲದ್ದು. ಬೇತ್ಲೆಹೇಮಿನ ದೇವಾಲಯದ ಬಾಗಿಲು ಎಷ್ಟು ಗಿಡ್ಡವೆಂದರೆ ದೊಡ್ಡವರೆಲ್ಲ ಬಗ್ಗಿಯೇ ಒಳಗೆ ಹೋಗಬೇಕು. ಮೊಣಕಾಲು ನೋವಿನ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಬಗ್ಗಿ ಬಗ್ಗಿ ಅಭ್ಯಾಸ ಮಾಡಿದಳು.

ಬೆಳಿಗ್ಗೆ ಅಂಗಳದಲ್ಲಿ ಐದು ಸುತ್ತು ನಡಿಗೆ. ಕೀರ್ತನೆಗಳಲ್ಲಿ 120ರಿಂದ 134ರವರೆಗಿನ ಹದಿನೈದು ಯಾತ್ರಾಗೀತೆಗಳು, ಯೆರೂಸಲೇಮಿಗೆ ಏರಿ ಹೋಗುವ ಜನ ಹಾಡಿಕೊಂಡದ್ದು. ಸುತ್ತಿಗೆ ಮೂರರಂತೆ ಹೇಳಿದರೆ ಐದು ಸುತ್ತಿಗೆ ಲೆಕ್ಕ ಸರಿಹೋಗುತ್ತದೆ. ಅದನ್ನು ಲೆಕ್ಕ ಹಾಕಿದವಳೂ ಅವಳೇ.

ಶನಿವಾರ ಸೂಟ್‌ಕೇಸ್ ತೂಗಿ ಚಾವಡಿಯಲ್ಲಿ ನಿಲ್ಲಿಸಿದ್ದೆವು. ಮಧ್ಯಾಹ್ನ ಟಿವಿ ಹಾಕಿದಾಗ ಇಸ್ರೇಲಿನ ಮೇಲೆ ಹಮಾಸ್ ದಾಳಿಯ ಸುದ್ದಿ. ಅಂದು ಅಕ್ಟೋಬರ್ 7. ಸಂಜೆಯವರೆಗೂ ಅಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ಪ್ರವಾಸದ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಸತ್ತವರ, ಹಿಡಿದೊಯ್ದವರ ಸುದ್ದಿ ಒಂದಾದ ಮೇಲೊಂದು ಬರುತ್ತಿತ್ತು. ಮುಂದಿನ ದಿನಗಳಲ್ಲಿ ಗಾಜಾದ ಮಕ್ಕಳು. ರಾತ್ರಿಯ ಪ್ರಾರ್ಥನೆಯಲ್ಲಿ ಅವಳು ಎರಡೂ ಕಡೆಯವರನ್ನು ಹೆಸರಿಸುತ್ತಿದ್ದಳು. ಪ್ರವಾಸ ರದ್ದೆಂದು ಬುಧವಾರ ಫೋನ್ ಬಂತು.

ಅಯ್ಯನವರ ಬಳಿ ಬೇತ್ಲೆಹೇಮಿನ ಗೈಡಿನ ನಂಬರ್ ಇತ್ತು. ಆಲಿವ್ ಮರದಲ್ಲಿ ಕೆತ್ತನೆ ಮಾಡುವ ಅರಬ್ ಕ್ರೈಸ್ತ ಕುಟುಂಬ. ನಮ್ಮನ್ನು ಕರೆದೊಯ್ಯಬೇಕಾಗಿದ್ದವರು ಅವರೇ. ಅಮ್ಮ ಅವರನ್ನು ಕಂಡವಳಲ್ಲ. ಆದರೂ ಪ್ರತಿ ಭಾನುವಾರ ಬಾಗಿಲಲ್ಲಿ ಅಯ್ಯನವರನ್ನು ತಡೆದು ಕೇಳುತ್ತಿದ್ದಳು, "ಬೇತ್ಲೆಹೇಮಿನವರು ಹೇಗಿದ್ದಾರಂತೆ?" ಯಾತ್ರಿಕರಿಲ್ಲ, ಅಂಗಡಿ ಮುಚ್ಚಿದೆ, ಮನೆಯವರು ಕ್ಷೇಮ ಎಂದು ಉತ್ತರ.

ಆ ಕ್ರಿಸ್ಮಸ್‌ಗೆ ಬೇತ್ಲೆಹೇಮಿನಲ್ಲಿ ದೀಪಾಲಂಕಾರವಿರಲಿಲ್ಲ, ಮೆರವಣಿಗೆಯ ಸಂಭ್ರಮವಿರಲಿಲ್ಲ. ಅಲ್ಲಿಯ ಲೂಥರನ್ ಚರ್ಚಿನವರು ಗೋದಲಿಯ ಬದಲು ಒಡೆದ ಕಾಂಕ್ರೀಟಿನ ರಾಶಿ ಮಾಡಿ ಅದರ ನಡುವೆ ಬಾಲಯೇಸುವನ್ನು ಮಲಗಿಸಿದ್ದರು. ಆ ಫೋಟೋವನ್ನು ಅಮ್ಮನಿಗೆ ತೋರಿಸಿದೆ. ಏನೂ ಹೇಳದೆ ಹಿತ್ತಿಲಿಗೆ ಹೋದಳು. ಮಳೆಗಾಲದಲ್ಲಿ ಮಾಡಿನಿಂದ ಬಿದ್ದು ಒಡೆದ ಹಂಚಿನ ಚೂರುಗಳನ್ನು ಅಲ್ಲಿ ಒಟ್ಟಿದ್ದೆವು. ಒಂದು ಬುಟ್ಟಿ ತುಂಬಿಕೊಂಡು ಬಂದು, ನಮ್ಮ ಗೋದಲಿಯ ಬೈಹುಲ್ಲು ತೆಗೆದು ಆ ಚೂರುಗಳನ್ನು ಹರಡಿದಳು. ಮೇಲೆ ಮಗು. ಚೂಪಾದ ಅಂಚುಗಳನ್ನು ಮಾತ್ರ ಕೆಳಮುಖವಾಗಿ ತಿರುಗಿಸಿದ್ದಳು.

ಸೂಟ್‌ಕೇಸ್ ಅಟ್ಟದ ಮೇಲಿದೆ. ಜಾರದ ಶೂವನ್ನು ಅವಳು ಅಂಗಳದ ನಡಿಗೆಗೆ ಹಾಕಿಕೊಳ್ಳುತ್ತಾಳೆ. ಒಮ್ಮೆ ನಾನು, ನೆಬೋ ಬೆಟ್ಟದವರೆಗಾದರೂ ಹೋಗಿ ಬರೋಣವೇ ಅಮ್ಮ, ಯೊರ್ದನಿನ ಈಚೆಯಿಂದಲೇ ನೋಡಬಹುದು ಎಂದೆ.

"ದೂರದಿಂದ ನೋಡುವುದು ಬೇಡ. ಆ ಜನರು ನೆಮ್ಮದಿಯಿಂದ ಇರುವಾಗ ಹೋಗುವ" ಎಂದಳು. "ಪಾಸ್‌ಪೋರ್ಟಿಗೆ 2033ರವರೆಗೆ ಆಯುಸ್ಸು ಉಂಟಲ್ಲ." ಹಾಗೆಂದವಳೇ ನಾಲ್ಕನೇ ಸುತ್ತಿಗೆ ತಿರುಗಿದಳು.